ಅರವತ್ತೊಂಬತ್ತು ಓವರು

ಸ್ಕೋರು ಬರೆಯುವವನಿಗೆ ಕಾಣುವ ಆಟವೇ ಬೇರೆ. ಸುತ್ತ ನಿಂತವರು ಚೆಂಡು ಹೋದ ಕಡೆ ನೋಡುತ್ತಾರೆ. ಅವನು ಮಾತ್ರ ಚೆಂಡು ಹೊರಟ ಕಡೆಗೇ ಮತ್ತೆ ಮತ್ತೆ ಕಣ್ಣು ತರಬೇಕು. ಸಿಕ್ಸರು ಹೋಗಿ ಜಾಲಿ ಪೊದೆಯೊಳಗೆ ಬಿದ್ದು, ಹುಡುಗರು ಹುಡುಕುತ್ತಿರುವಾಗ ಉಳಿದವರಿಗೆಲ್ಲ ಬಿಡುವು. ಅವನು ಮಾತ್ರ ಬೌಲರ್ ಹೆಸರಿನ ಮುಂದಿನ ಚೌಕದಲ್ಲಿ ಒಂದು ಆರು ಬರೆದು, ತಲೆಯೆತ್ತಿ, ಆ ಬೌಲರ್ ಏನು ಮಾಡುತ್ತಿದ್ದಾನೆ ಎಂದು ನೋಡುತ್ತಾನೆ. ನಾನು ಕ್ರಿಕೆಟ್ ಕಲಿತದ್ದು ಹೀಗೆ, ಮಡಿಲಲ್ಲಿ ಲಾಂಗ್ ಬುಕ್ ಇಟ್ಟುಕೊಂಡು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು.

1986ರ ಬೇಸಿಗೆ. ಮಾಲೂರಿನ ಪಕ್ಕದ ನಮ್ಮ ಹಳ್ಳಿಯ ಟೀಮು ಟೂರ್ನಮೆಂಟಿಗೆಂದು ಮುಳಬಾಗಿಲು ದಾಟಿ ಶ್ರೀನಿವಾಸಪುರದ ಕಡೆಗೆ ಹೊರಟಿತ್ತು. ಹೆಂಚು ಸಾಗಿಸುವ ಟೆಂಪೊ. ಅದರ ತಳದಲ್ಲಿ ಹಾಸಿದ ಹುಲ್ಲಿನಲ್ಲಿ ಇನ್ನೂ ಕೆಂಪು ಪುಡಿ ಇತ್ತು. ಕೋಲಾರ ತಲುಪುವ ಹೊತ್ತಿಗೆ ಬಿಳಿ ಅಂಗಿ ಹಾಕಿದ್ದ ಇಬ್ಬರೂ ಉಳಿದವರ ಬಣ್ಣಕ್ಕೆ ಬಂದಿದ್ದರು. ಮಾಲೂರು ಅಂದರೆ ಹೆಂಚು, ಇಟ್ಟಿಗೆ. ಶ್ರೀನಿವಾಸಪುರ ಅಂದರೆ ಮಾವು. ನಾವು ಮಣ್ಣಿನ ಸೀಮೆಯಿಂದ ಹಣ್ಣಿನ ಸೀಮೆಗೆ ಹೋಗುತ್ತಿದ್ದೆವು. ರಸ್ತೆಯ ಎರಡೂ ಬದಿ ತೋಪುಗಳು ಶುರುವಾದಾಗ ಬಂದ ಆ ಎಳೆ ತೋತಾಪುರಿಯ ಹುಳಿ ವಾಸನೆ ಈಗಲೂ ಮೂಗಿನಲ್ಲಿದೆ.

ಆಟ ನಡೆದದ್ದು ಕೆರೆ ಅಂಗಳದಲ್ಲಿ. ನಮ್ಮ ಜಿಲ್ಲೆಯಲ್ಲಿ ಕೆರೆಗಳಿಗೆ ಲೆಕ್ಕವಿಲ್ಲ. ನೀರಿಲ್ಲದ ವರ್ಷಗಳಿಗೂ ಲೆಕ್ಕವಿಲ್ಲ. ಹಾಗಾಗಿ ನಮ್ಮ ತಲೆಮಾರಿನ ಹುಡುಗರಿಗೆ ಕ್ರಿಕೆಟ್ ಮೈದಾನ ಅಂದರೆ ಬತ್ತಿದ ಕೆರೆಯೇ. ಕಟ್ಟೆಯೇ ಗ್ಯಾಲರಿ. ತೂಬಿನ ಕಲ್ಲಿನ ಮೇಲೆ ಮೈಕ್ ಸೆಟ್. ಬಿರುಕು ಬಿಟ್ಟ ಮಣ್ಣನ್ನು ನೀರು ಚಿಮುಕಿಸಿ, ಕಲ್ಲು ಗುಂಡು ಉರುಳಿಸಿ ಪಿಚ್ ಮಾಡಿದ್ದರು. ನಮ್ಮ ಬೌಲರ್ ಹೋಗಿ ಮಂಡಿಯೂರಿ, ಮಣ್ಣಿನ ಒಂದು ಹೆಂಟೆ ಕಿತ್ತು ಬೆರಳಲ್ಲಿ ಪುಡಿ ಮಾಡಿ ನೋಡಿದ. ಅವನು ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ. ಹೆಂಚಿನ ಕಾರ್ಖಾನೆಯಲ್ಲಿ ಕೆಲಸ. ಕಾರ್ಖಾನೆಗೆ ಬರುತ್ತಿದ್ದದ್ದೂ ಕೆರೆಯ ಜೇಡಿಮಣ್ಣೇ ಆದ್ದರಿಂದ ಅವನಿಗೆ ಕೆರೆ ಅಂಗಳದ ಮಣ್ಣು ಮುಟ್ಟಿದರೆ ಗೊತ್ತಾಗುತ್ತಿತ್ತು. "ಎದ್ದೇಳಲ್ಲ ಇದು. ಬಾಲು ಅಲ್ಲೇ ನಿಲ್ಲತ್ತೆ" ಅಂದ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಚೆಂಡು ಎದ್ದೇಳಲಿಲ್ಲ, ಹದವಾಗಿ ನಿಂತು, ಹೊಡೆಯುವವರ ಬ್ಯಾಟಿಗೆ ಬಂತು.

ಹದಿನೈದು ಓವರಿನ ಆಟ. ಅವರು ಮೂರು ವಿಕೆಟ್‌ಗೆ 214 ಮಾಡಿದರು. ನಾವು 31ಕ್ಕೆ ಆಲೌಟ್. ಇಷ್ಟನ್ನು ಹೇಳಿದರೆ ಆ ದಿನದ ಕತೆ ಮುಗಿಯಿತು ಎಂದು ಎಲ್ಲರೂ ತಿಳಿಯುತ್ತಾರೆ. ನನ್ನ ಪುಸ್ತಕದಲ್ಲಿ ಅದು ಅಲ್ಲಿಂದ ಶುರುವಾಗುತ್ತದೆ.

ಐದನೆಯ ಓವರು ಮುಗಿಯುವ ಹೊತ್ತಿಗೆ ಬೌಲಿಂಗ್ ಮಾಡಲು ಯಾರೂ ಮುಂದೆ ಬರಲಿಲ್ಲ. ಕ್ಯಾಪ್ಟನ್ ಚೆಂಡು ಹಿಡಿದು ಒಬ್ಬೊಬ್ಬರ ಮುಖ ನೋಡಿದ. ಒಬ್ಬ ಭುಜ ಹಿಡಿದುಕೊಂಡ, ಇನ್ನೊಬ್ಬ ಚಪ್ಪಲಿಯಿಲ್ಲದ ಕಾಲಿನ ಮುಳ್ಳು ತೋರಿಸಿದ. ಕೊನೆಗೆ ಒಬ್ಬ ಹುಡುಗ ಒಪ್ಪಿಕೊಂಡು ಒಂದು ಕಡೆ ಹಾಕಿದ. ಇನ್ನೊಂದು ಕಡೆಯಿಂದ ಮೊದಲಿಂದ ಕೊನೆಯವರೆಗೂ ಅಣ್ಣನೇ. ಎಂಟು ಓವರು, 117 ರನ್ನು. ಸಿಕ್ಸರು ಹೋದಾಗಲೆಲ್ಲ ಅವನು ಏನು ಮಾಡುತ್ತಿದ್ದ ಎಂಬುದು ನನಗೆ ಬಾಯಿಪಾಠವಾಗಿದೆ. ಚೆಂಡಿನ ಕಡೆ ಒಮ್ಮೆ ನೋಡುತ್ತಿದ್ದ. ಬಲಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಆಮೇಲೆ ತಿರುಗಿ, ತಾನು ಬೆಳಿಗ್ಗೆ ಹಿಮ್ಮಡಿಯಿಂದ ಎಳೆದಿದ್ದ ಗೆರೆಯ ತನಕ ಹನ್ನೊಂದು ಹೆಜ್ಜೆ ಎಣಿಸಿ ನಡೆಯುತ್ತಿದ್ದ. ಮೊದಲ ಓವರಿನಲ್ಲಿ ಹನ್ನೊಂದು, ಹದಿನೈದನೆಯದರಲ್ಲೂ ಹನ್ನೊಂದು. ಕಟ್ಟೆಯ ಮೇಲಿನವರು ಆ ಹೊತ್ತಿಗೆ ಕೂಗುವುದನ್ನೇ ಬಿಟ್ಟು ಮಾವಿನಕಾಯಿಗೆ ಉಪ್ಪು ಖಾರ ಹಚ್ಚುತ್ತ ಕೂತಿದ್ದರು. ಗೆಲುವು ಸೋಲು ಯಾವಾಗಲೋ ತೀರ್ಮಾನವಾಗಿತ್ತು. ಹೆಜ್ಜೆ ಎಣಿಸುವುದು ಮಾತ್ರ ತಪ್ಪಿರಲಿಲ್ಲ.

ಆ ಎಂಟು ಓವರುಗಳು ನನ್ನೊಳಗೆ ಎಷ್ಟು ಆಳಕ್ಕೆ ಇಳಿದಿವೆಯೆಂದರೆ, ಆಮೇಲೆ ಕ್ರಿಕೆಟ್ಟಿನ ಯಾವ ದಾಖಲೆ ಓದಿದರೂ ನನ್ನ ಕಣ್ಣು ರನ್ನು ಹೊಡೆದವರ ಪಟ್ಟಿ ದಾಟಿ ಕೆಳಗೆ ಬೌಲರುಗಳ ಸಾಲಿಗೆ ಹೋಗಿ ನಿಲ್ಲುತ್ತದೆ. ಹಾಗೆ ನಿಂತ ಕಡೆಯೇ ಒಂದು ದಿನ ಬಿ. ಕೆ. ಗರುಡಾಚಾರ್ ಸಿಕ್ಕಿದರು.

ಅದು 1945–46ರ ಸಾಲಿನ ರಣಜಿ ಸೆಮಿಫೈನಲ್. ಇಂದೋರಿನಲ್ಲಿ ಹೋಳ್ಕರ್ ತಂಡದ ಮೇಲೆ ನಮ್ಮ ಮೈಸೂರು. ಹೋಳ್ಕರ್ ಎಂಟು ವಿಕೆಟ್‌ಗೆ 912 ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಒಂದೇ ಇನಿಂಗ್ಸಿನಲ್ಲಿ ಆರು ಮಂದಿಯ ಸೆಂಚುರಿ: ಭಂಡಾರ್ಕರ್ 142, ಸರ್ವಟೆ 101, ಜಗದಾಳೆ 164, ಸಿ. ಕೆ. ನಾಯ್ಡು 101, ನಿಂಬಾಳ್ಕರ್ 172, ಪ್ರತಾಪ್ ಸಿಂಗ್ 100. ನಾಯ್ಡು ಅವರಿಗೆ ಆಗ ಐವತ್ತು ವರ್ಷ. ಐವತ್ತರ ಯಜಮಾನರೂ ಬಂದು ನೂರು ಹೊಡೆದು ಹೋಗುವಂಥ ಆಟ. ಇದೆಲ್ಲ ಎಲ್ಲರೂ ಬರೆದಿರುವ ವಿಷಯ. ಅದರ ಕೆಳಗಿನ ಸಾಲಿನಲ್ಲಿ ಹೀಗಿದೆ: ಗರುಡಾಚಾರ್, 69 ಓವರು, 301 ರನ್ನು, 4 ವಿಕೆಟ್.

ಅರವತ್ತೊಂಬತ್ತು ಓವರು ಅಂದರೆ 414 ಎಸೆತ. ನಾನು ಒಮ್ಮೆ ಲಾಂಗ್ ಬುಕ್ಕಿನ ಹಾಳೆ ತೆಗೆದು 414 ಚುಕ್ಕೆ ಇಟ್ಟು ನೋಡಿದೆ. ಒಂದು ಹಾಳೆ ಸಾಲಲಿಲ್ಲ. ಕೂತು ಚುಕ್ಕೆ ಇಡುವುದಕ್ಕೇ ಕೈ ಸೋತು ನಡುವೆ ಎದ್ದು ಕಾಫಿ ಕುಡಿದು ಬಂದೆ. ಗರುಡಾಚಾರ್ ಹಾಕುತ್ತಿದ್ದದ್ದು ಲೆಗ್ ಸ್ಪಿನ್. ಆ ಕೆಲಸದಲ್ಲಿ ಭುಜಕ್ಕಿಂತ ಮೊದಲು ಸೋಲುವುದು ಉಂಗುರದ ಬೆರಳು. ಪ್ರತಿ ಎಸೆತಕ್ಕೂ ಚೆಂಡಿನ ಹೊಲಿಗೆ ಆ ಬೆರಳಿನ ಒಳಮೈಯನ್ನು ಉಜ್ಜಿಯೇ ಹೊರಡಬೇಕು. ಹಾಗೆ ನಾನ್ನೂರ ಹದಿನಾಲ್ಕು ಸಲ ಉಜ್ಜಿದ ಬೆರಳನ್ನು ನಾನು ಎಷ್ಟೋ ರಾತ್ರಿ ನೆನೆದಿದ್ದೇನೆ.

ಮೈಸೂರು ಮೊದಲ ಇನಿಂಗ್ಸಿನಲ್ಲಿ 190ಕ್ಕೆ ಮುಗಿಯಿತು. ಮತ್ತೆ ಆಡಬೇಕು. ಎದುರಿಗೆ ಏಳುನೂರಕ್ಕೂ ಮಿಕ್ಕ ಸಾಲ. ತೀರಿಸುವ ಮಾತೇ ಇರಲಿಲ್ಲ. ಆಗ ಗರುಡಾಚಾರ್ ಅದೇ ಬೆರಳಿನಿಂದ ಬ್ಯಾಟು ಹಿಡಿದು 164 ಹೊಡೆದರು, ಜಗದಾಳೆ ಹೊಡೆದಷ್ಟೇ. ತಂಡ 509ರವರೆಗೆ ಹೋಯಿತು. ಗೆದ್ದದ್ದು ಹೋಳ್ಕರ್; ಆ ವರ್ಷದ ಟ್ರೋಫಿಯೂ ಅವರದೇ. ಆದರೆ 190ರ ನಂತರ 509! ಮೈ ಬಗ್ಗಿಸಿ ದುಡಿದವರಿಗೆ ಮಾತ್ರ ಈ ಎರಡನೆಯ ಅಂಕಿ ಅರ್ಥವಾಗುತ್ತದೆ ಎಂದು ನನ್ನ ನಂಬಿಕೆ. ಹೋದ ವರ್ಷ ಟೊಮೆಟೊ ರಸ್ತೆಗೆ ಸುರಿದು ಬಂದವನು ಈ ವರ್ಷ ಮತ್ತೆ ನಾರು ತಂದು ನಾಟಿ ಮಾಡುತ್ತಾನಲ್ಲ, ಅವನ ಮನೆಯಲ್ಲಿ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಗರುಡಾಚಾರ್ ತೊಂಬತ್ತೊಂಬತ್ತು ವರ್ಷ ಬಾಳಿ 2016ರಲ್ಲಿ ತೀರಿಕೊಂಡರು. ಸುದ್ದಿ ಓದಿದ ದಿನ ನಾನು ಆ ಚುಕ್ಕೆಯ ಹಾಳೆಗಳನ್ನು ಹುಡುಕಿ ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನಿಂತು ಆಡಿದವರ ಮಾತು ಬಂದಾಗ ನಿಲ್ಲದೆ ಹೋದವರದೂ ನೆನಪಾಗುತ್ತದೆ. ನಮ್ಮ ಮೇಲೆ 172 ಹೊಡೆದ ಅದೇ ಭಾವುಸಾಹೇಬ್ ನಿಂಬಾಳ್ಕರ್ 1948ರ ಡಿಸೆಂಬರಿನಲ್ಲಿ ಪುಣೆಯಲ್ಲಿ ಮಹಾರಾಷ್ಟ್ರದ ಪರವಾಗಿ ಕಾಠಿಯಾವಾಡದ ಮೇಲೆ ಆಡುತ್ತ 443 ರನ್ನು ಮಾಡಿ ಔಟಾಗದೆ ಉಳಿದಿದ್ದರು. ಬ್ರಾಡ್ಮನ್ನರ 452ಕ್ಕೆ ಇನ್ನು ಒಂಬತ್ತೇ ರನ್ನು. ಮಹಾರಾಷ್ಟ್ರದ ಮೊತ್ತ ನಾಲ್ಕು ವಿಕೆಟ್‌ಗೆ 826. ಕಾಠಿಯಾವಾಡದ ನಾಯಕರು ಆಟ ಮುಂದುವರಿಸಲು ಒಪ್ಪಲಿಲ್ಲ. ತಂಡ ಪಂದ್ಯವನ್ನೇ ಬಿಟ್ಟುಕೊಟ್ಟು ಹೊರಟಿತು. ನಿಂಬಾಳ್ಕರರಿಗೆ ಆದ ನಷ್ಟವನ್ನು ಎಲ್ಲರೂ ಹೇಳುತ್ತಾರೆ. ನನಗೆ ದುಃಖವಾಗುವುದು ಕಾಠಿಯಾವಾಡದ ಬೌಲರುಗಳ ಬಗ್ಗೆ. ಅಷ್ಟು ಹೊತ್ತು ಹಾಕಿದ್ದರಲ್ಲ, ಆ ಕೊನೆಯ ಕೆಲವು ಓವರುಗಳನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗಾಯಿತು.

ಮೈಸೂರು ತಂಡಕ್ಕೆ ಇಂಥ ಸೋಲು ಹೊಸದಲ್ಲ. ರಣಜಿಯ ಬಾಗಿಲು ತೆರೆದದ್ದೇ ಅಂಥದೊಂದರಿಂದ. 1934ರ ನವೆಂಬರ್ 4, ಮದರಾಸಿನ ಚೆಪಾಕ್. ಟೂರ್ನಿಯ ಮೊಟ್ಟಮೊದಲ ಪಂದ್ಯ. ಎಂ. ಜೆ. ಗೋಪಾಲನ್ ಹಾಕಿದ ಮೊದಲ ಚೆಂಡನ್ನು ಎದುರಿಸಿದ್ದು ಮೈಸೂರಿನ ಕರ್ಟಿಸ್. ಮೈಸೂರು 48. ಮದರಾಸು 130. ಮೈಸೂರು ಮತ್ತೆ 59. ಎ. ಜಿ. ರಾಮ್‌ಸಿಂಗ್ ಒಬ್ಬರೇ 35 ರನ್ನಿಗೆ ಹನ್ನೊಂದು ವಿಕೆಟ್ ತೆಗೆದರು. ಒಂದೇ ದಿನದಲ್ಲಿ ಎಲ್ಲ ಮುಗಿದು, ಮದರಾಸು ಇನಿಂಗ್ಸ್ ಮತ್ತು 23 ರನ್ನಿನಿಂದ ಗೆದ್ದಿತ್ತು. ಮದರಾಸಿನ ರೈಲು ಈಗಲೂ ಜೋಲಾರ್‌ಪೇಟೆ, ಕುಪ್ಪಂ, ಬಂಗಾರಪೇಟೆ, ಟೇಕಲ್, ಮಾಲೂರು ಅಂತಲೇ ಬೆಂಗಳೂರಿಗೆ ಬರುತ್ತದೆ. ಮಾಲೂರು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುವಾಗ, ಕಿಟಕಿಗೆ ತಲೆಯೊರಗಿಸಿ ಈ ದಾರಿಯಲ್ಲಿ ಊರಿಗೆ ಮರಳಿರಬಹುದಾದ ಹನ್ನೊಂದು ಮಂದಿಯನ್ನು ಕಣ್ಣ ಮುಂದೆ ತಂದುಕೊಳ್ಳುತ್ತೇನೆ. ಅವರಿಗೆ ಬೇಗ ಮುಗಿಯಿತು. ಅದೂ ಒಂದು ಬಗೆಯ ನೋವು. 1941–42ರಲ್ಲಿ ಫೈನಲ್‌ವರೆಗೆ ಹೋಗಿ ಬಾಂಬೆಯ 506ರ ಎದುರು 68 ಮತ್ತು 157ಕ್ಕೆ ಬಿದ್ದದ್ದು ಇನ್ನೊಂದು ಬಗೆಯದು. ಆ ಬಾಂಬೆಯ ಹದಿನೈದು ವರ್ಷದ ಸತತ ಯಜಮಾನಿಕೆ 1974ರಲ್ಲಿ ಬೆಂಗಳೂರಿನಲ್ಲಿ ಮುರಿದದ್ದು ನಮ್ಮವರ ಕೈಯಲ್ಲೇ ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಈ ಜಾಡು ಹಿಡಿದು ಹೋದವನಿಗೆ ಇನ್ನೂ ದೂರದ ಒಬ್ಬ ಬಂಧು ಸಿಕ್ಕಿದ. ಆಟ ಕ್ರಿಕೆಟ್ ಅಲ್ಲ, ಬೇಸ್‌ಬಾಲ್. ದೇಶ ಅಮೆರಿಕ, ಟೆಕ್ಸಸ್ ಪ್ರಾಂತ್ಯ. 1902ರ ಜೂನ್ 15, ಭಾನುವಾರ. ಕಾರ್ಸಿಕಾನಾ ಎಂಬ ಊರಿನ ತಂಡಕ್ಕೂ ಟೆಕ್ಸರ್ಕಾನಾ ತಂಡಕ್ಕೂ ಪಂದ್ಯ. ಕಾರ್ಸಿಕಾನಾದಲ್ಲಿ ಭಾನುವಾರ ಆಡುವಂತಿರಲಿಲ್ಲವಾಗಿ ಎನಿಸ್ ಎಂಬ ಪಕ್ಕದ ಊರಿನ ಸಣ್ಣ ಮೈದಾನಕ್ಕೆ ಹೋದರು. ಸಂಬಳಕ್ಕೆ ಆಡುವ ವೃತ್ತಿ ತಂಡಗಳೇ ಎರಡೂ. ಕಾರ್ಸಿಕಾನಾ 51, ಟೆಕ್ಸರ್ಕಾನಾ 3. ಹತ್ತೊಂಬತ್ತರ ಹುಡುಗ ಜೇ ಕ್ಲಾರ್ಕ್ ಎಂಟು ಹೋಮ್ ರನ್ ಹೊಡೆದ, ಅಂದರೆ ಎಂಟು ಸಲ ಚೆಂಡು ಬೇಲಿಯಾಚೆ. ತಂತಿ ಕಚೇರಿಯವರು ಈ ಅಂಕಿಯನ್ನು ನಂಬದೆ 51 ಅನ್ನುವುದನ್ನು 5 ಎಂದು ತಿದ್ದಿ ಕಳಿಸಿದರು ಎಂಬ ಮಾತಿದೆ. ಕ್ಲಾರ್ಕ್ ಮುಂದೆ ದೊಡ್ಡ ಲೀಗಿನಲ್ಲಿ ವರ್ಷಗಟ್ಟಲೆ ಆಡಿದ. ಅಲ್ಲಿ ಹೊಡೆದ ಹೋಮ್ ರನ್ ಒಟ್ಟು ಆರೇ.

ನನ್ನ ಕಣ್ಣು ಎಂದಿನಂತೆ ಕೆಳಗಿನ ಸಾಲಿಗೆ ಹೋಯಿತು. ಟೆಕ್ಸರ್ಕಾನಾದ ಪರ ಚೆಂಡು ಎಸೆದವನ ಹೆಸರು ಡಿವಿಟ್. ಮೊದಲಿಂದ ಕೊನೆಯವರೆಗೂ ಅವನೊಬ್ಬನೇ. ಬೇಸ್‌ಬಾಲಿನಲ್ಲಿ ಡಿಕ್ಲೇರ್ ಮಾಡುವುದಿಲ್ಲ. ನಾಯ್ಡು ಅವರಂತೆ ಎದುರಾಳಿಯ ಯಜಮಾನರು ಕೈಯೆತ್ತಿ "ಸಾಕು" ಎನ್ನುವ ಹಾಗಿಲ್ಲ. ಗಡಿಯಾರ ಬಂದು ಬಿಡಿಸುವುದಿಲ್ಲ. ಪ್ರತಿ ಸರದಿಗೂ ಮೂವರನ್ನು ಔಟು ಮಾಡಿದರೆ ಮಾತ್ರ ನೆರಳಿಗೆ ಹೋಗಿ ಕೂರಬಹುದು. ಆ ಮೂವರನ್ನು ಎಸೆದೇ ಔಟು ಮಾಡಬೇಕು. ಐವತ್ತಕ್ಕೂ ಹೆಚ್ಚು ಹೊಡೆತ ತಿಂದು ಡಿವಿಟ್ ಎಸೆದ. ಅವನಿಗೆ ಆ ದಿನ ಅಲ್ಲಿಂದ ಹೊರಗೆ ಬರಲು ಇದ್ದ ದಾರಿ ಒಂದೇ, ಮುಂದಿನ ಚೆಂಡು.

ಆ ಕಾರ್ಸಿಕಾನಾ ಊರಿನ ಕತೆಯನ್ನು ಕೋಲಾರದವರು ಕಿವಿಗೊಟ್ಟು ಕೇಳಬೇಕು. 1894ರಲ್ಲಿ ಊರಿಗೆ ಕುಡಿಯುವ ನೀರು ಬೇಕೆಂದು ಬಾವಿ ಕೊರೆಸುತ್ತಿದ್ದಾಗ ನೀರಿನ ಬದಲು ಎಣ್ಣೆ ಚಿಮ್ಮಿತಂತೆ. ಊರಿನ ನಸೀಬೇ ತಿರುಗಿತು. ಬೇಸ್‌ಬಾಲ್ ತಂಡಕ್ಕೂ ಎಣ್ಣೆಯೂರಿನವರೆಂದೇ ಹೆಸರಾಯಿತು. ನಮ್ಮಲ್ಲಿ ಸಾವಿರದೈನೂರು ಅಡಿ ಕೊರೆದು, ಬಿಳಿ ಕಲ್ಲಿನ ಪುಡಿ ಮೇಲೆದ್ದು ಸುತ್ತಲಿನ ಹೊಂಗೆ ಮರವೆಲ್ಲ ವಿಭೂತಿ ಬಳಿದಂತಾದಾಗ, ರಿಗ್ಗಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ರೈತನ ಮುಖವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನೀರಿಗೆ ಕೊರೆದು ಎಣ್ಣೆ ಸಿಕ್ಕಿತೆಂಬ ಮಾತು ಆ ಮುಖಕ್ಕೆ ಹೇಗೆ ಕೇಳೀತು!

ತಾರೀಖುಗಳಲ್ಲೂ ಒಂದು ನಂಟಿದೆ. ಎನಿಸ್‌ನ ಆ ಭಾನುವಾರ ಕಳೆದು ಹದಿನೈದನೆಯ ದಿನ, 1902ರ ಜೂನ್ 30ರಂದು, ಶಿವನಸಮುದ್ರದಿಂದ ತೊಂಬತ್ತೆರಡು ಮೈಲಿ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಕರೆಂಟು ಬಂತು. ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್. ಕೂರಿಸಲು ಅಮೆರಿಕದ ಎಂಜಿನಿಯರುಗಳೂ ಬಂದಿದ್ದರು. ತಿಂಗಳು ಕಳೆದು ಹಡಗಿನಲ್ಲಿ ಬಂದ ತಮ್ಮೂರ ಪತ್ರಿಕೆಯನ್ನು ಅವರಲ್ಲಿ ಒಬ್ಬ ಆ ಹೊಸ ದೀಪದ ಬೆಳಕಿನಲ್ಲಿ ಬಿಡಿಸಿ, 51–3 ಎಂಬುದನ್ನು ಓದಿ, ಕಣ್ಣುಜ್ಜಿಕೊಂಡು ಮತ್ತೊಮ್ಮೆ ಓದಿದ್ದರೆ? ಹೀಗೊಂದು ಚಿತ್ರವನ್ನು ನಾನೇ ಕಟ್ಟಿಕೊಂಡು ಸುಖಪಡುತ್ತೇನೆ. ಕೆಜಿಎಫ್ ಕಡೆ ಹೋದಾಗ, ಸಯನೈಡ್ ದಿಬ್ಬಗಳ ಮೇಲೆ ಹುಡುಗರು ಕಲ್ಲು ಗೂಟ ನೆಟ್ಟು ಆಡುತ್ತಿರುವುದು ಕಂಡರೆ ಗಾಡಿ ನಿಲ್ಲಿಸುತ್ತೇನೆ.

ನಮ್ಮ ಕೆರೆ ಅಂಗಳಕ್ಕೆ ಮರಳುತ್ತೇನೆ. ಹದಿನೈದನೆಯ ಓವರು. ಅವರ ಮೊತ್ತ 210. ಆಗ ಕಟ್ಟೆಯಿಂದ ಒಬ್ಬ ಹಿರಿಯರು ಇಳಿದು ಬಂದರು. ಪಂಚೆ, ಹೆಗಲಿಗೆ ಟವಲು, ಕೈಯಲ್ಲಿ ಸ್ಟೀಲ್ ಚೊಂಬು. ಎದುರಾಳಿ ಊರಿನವರೇ. ಅಂಪೈರನ್ನು ಕೇಳಲಿಲ್ಲ, ಯಾರನ್ನೂ ಕೇಳಲಿಲ್ಲ, ನೇರ ಅಣ್ಣನ ಹತ್ತಿರ ಹೋಗಿ "ತಕೊಳಪ್ಪ, ಮಜ್ಜಿಗೆ ಕುಡಿ. ಆಮೇಲೆ ಹಾಕುವಂತೆ" ಅಂದರು. ಅಣ್ಣ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಕೈಯಿಂದ ಚೊಂಬು ಇಸಕೊಂಡು, ಎತ್ತಿ, ಒಂದೇ ಉಸಿರಿಗೆ ಕುಡಿದ. ಚೊಂಬು ವಾಪಸು ಕೊಟ್ಟು ಬಾಯಿ ಒರೆಸಿಕೊಂಡ. ಹನ್ನೊಂದು ಹೆಜ್ಜೆ ಎಣಿಸಿದ. ಹಿರಿಯರು ಕಟ್ಟೆಗೆ ಮರಳಲಿಲ್ಲ. ಅಂಗಳದ ಅಂಚಿನಲ್ಲೇ ನಿಂತರು.

ಚುಕ್ಕೆ. ಒಂದು. ಚುಕ್ಕೆ. ಚುಕ್ಕೆ. ಎರಡು. ಒಂದು.

ನಾನು ಬರೆದ ಆ ಆರು ಗುರುತುಗಳು ಆ ಹಾಳೆಯ ಬಲತುದಿಯಲ್ಲಿವೆ. ನಾಲ್ಕೇ ರನ್ನು. ಕೊನೆಯ ಚೆಂಡು ಬಿದ್ದಾಗ ಕಟ್ಟೆಯ ಮೇಲಿನವರು ಚಪ್ಪಾಳೆ ಹೊಡೆದರು. 214 ಹೊಡೆದ ತಮ್ಮೂರ ಹುಡುಗರಿಗೇ ಹೊಡೆದಿರಬೇಕೆಂದು ನಮ್ಮವರೆಲ್ಲ ತಿಳಿದರು. ಸ್ಕೋರು ಬರೆಯುತ್ತಿದ್ದ ನನಗೆ ಗೊತ್ತು: ಆ ಹಿರಿಯರ ಎರಡು ಕೈಯೂ ಅಣ್ಣನ ಕಡೆಗಿದ್ದವು.

ರಾತ್ರಿ ಮುಳಬಾಗಿಲಿನಲ್ಲಿ ಟೆಂಪೊ ನಿಲ್ಲಿಸಿ ದೋಸೆ ತಿಂದೆವು. ಅಂಚು ಗರಿಗರಿ, ನಡು ಮೆತ್ತಗೆ, ಮುರಿದರೆ ಬೆರಳಿಗೆ ತುಪ್ಪ ಹತ್ತುವ ದೋಸೆ. ಸೋತ ಟೀಮಿಗೆ ಹಸಿವು ಜಾಸ್ತಿ. ಅಣ್ಣನ ಬಲಗೈ ಊದಿಕೊಂಡಿತ್ತು. ಎಡಗೈಯಲ್ಲಿ ತಿನ್ನಲು ನಾಚಿಕೆಪಟ್ಟು ಅವನು ದೋಸೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡಿದ್ದ. ನಾನು ಪಕ್ಕದಲ್ಲಿ ಕೂತು ಮುರಿದು ಮುರಿದು ಕೊಟ್ಟೆ. ಆಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ಭಾನುವಾರ ಹೆಂಚು ಒಣಗಿಸುವ ಅಂಗಳದಲ್ಲಿ ಅವನು ಹಿಮ್ಮಡಿಯಿಂದ ಗೆರೆ ಎಳೆಯುತ್ತಿದ್ದ.

ಅವನಿಗೆ ಈಗ ಅರವತ್ತು ದಾಟಿದೆ. ಅವನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಗೂಡು ಆರಿ ವರ್ಷಗಳಾದವು. ಮನೆಗಳಿಗೆಲ್ಲ ಆರ್‌ಸಿಸಿ ಬಂದ ಮೇಲೆ ಹೆಂಚು ಕೇಳುವವರು ಕಡಿಮೆ. ಈಗ ಒಂದಿಷ್ಟು ಹಿಪ್ಪುನೇರಳೆ, ಎರಡು ಸೀಮೆಹಸು, ಬೆಳಿಗ್ಗೆ ಸಂಜೆ ಡೇರಿಗೆ ಹಾಲು. ಹೋದ ಯುಗಾದಿಗೆ ಊರಿಗೆ ಹೋದಾಗ ಜಗಲಿಯ ಮೇಲೆ ಕೂತು ಅವನಿಗೆ ಗರುಡಾಚಾರ್ ಅವರ ಕತೆಯನ್ನು ಪೂರ್ತಿ ಹೇಳಿದೆ. 912, ಆರು ಸೆಂಚುರಿ, 69 ಓವರು, 301 ರನ್ನು. ಅವನು ಸೊಪ್ಪು ಕತ್ತರಿಸುವುದನ್ನು ನಿಲ್ಲಿಸಿ ಕೇಳಿದ. ಬಲಗೈಯ ಬೆರಳುಗಳನ್ನು ಒಮ್ಮೆ ಮಡಿಸಿ ಬಿಚ್ಚಿದ.

"ಕೊನೇ ಓವರಲ್ಲಿ ಎಷ್ಟು ಕೊಟ್ರಂತೆ?" ಅಂತ ಕೇಳಿದ.

ನಾನು ಬಾಯಿ ತೆರೆಯುವ ಮೊದಲೇ ಅವನೇ, "ಕಮ್ಮೀನೇ ಕೊಟ್ಟಿರ್ತಾರೆ ಬಿಡು" ಅಂದು ಮತ್ತೆ ಮಚ್ಚು ಎತ್ತಿಕೊಂಡ.